ಅಪ್‌ಡೇಟ್: ತಂಗಿಯ ಮೆರಿಟ್ ಸ್ಕಾಲರ್‌ಶಿಪ್ ಅರ್ಜಿ ಹೋಯಿತು
ಹೋದ ತಿಂಗಳು ಕೇಳಿದ್ದೆ: ಗುಬ್ಬಿಯಲ್ಲಿ ಪಿಯುಸಿ ಕಾಮರ್ಸ್ ಮುಗಿಸಿ ತುಮಕೂರಲ್ಲಿ ಬಿಕಾಂ ಸೇರಿರುವ ತಂಗಿಗೆ ಕೇಂದ್ರದ ಮೆರಿಟ್ ಸ್ಕಾಲರ್‌ಶಿಪ್ ಸಿಗುತ್ತಾ, ಜೊತೆಗೆ ಎಸ್‌ಎಸ್‌ಪಿ (ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್) ಕಡೆಯದ್ದೂ ತಗೊಳ್ಳಬಹುದಾ ಅಂತ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್ ಎನ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದಾಯಿತು. ಶೇಕಡಾ 80 ಅಂಕ ಬಂದರೆ ಸಾಕು ಅಂತ ಸುಮಾರು ಜನ ಹೇಳುತ್ತಾರೆ, ಹಾಗಲ್ಲ. ಬೋರ್ಡಿನಲ್ಲಿ ಅದೇ ವಿಭಾಗದಲ್ಲಿ ಪಾಸಾದವರ ಪೈಕಿ ಮೇಲಿನ 20 ಪರ್ಸೆಂಟೈಲ್‌ನಲ್ಲಿ, ಅಂದರೆ ನೂರು ಜನರಲ್ಲಿ ಮೊದಲ ಇಪ್ಪತ್ತರೊಳಗೆ, ಇರಬೇಕು. ಸೈನ್ಸ್, ಕಾಮರ್ಸ್, ಆರ್ಟ್ಸ್‌ಗೆ 3:2:1 ಲೆಕ್ಕದಲ್ಲಿ ಹಂಚುತ್ತಾರೆ, ಅದರಲ್ಲಿ ಅರ್ಧ ಹುಡುಗಿಯರಿಗೆ, ಹಾಗಾಗಿ ಪಕ್ಕದ ಮನೆ ಸೈನ್ಸ್ ಹುಡುಗನ ಮಾರ್ಕ್ಸ್ ನೋಡಿ ಇವಳು ತಲೆ ಕೆಡಿಸಿಕೊಂಡಿದ್ದೆಲ್ಲ ಸುಮ್ನೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಬಾರದು. ಸಿಕ್ಕರೆ ಡಿಗ್ರಿಯ ಮೂರು ವರ್ಷವೂ ವರ್ಷಕ್ಕೆ 12,000 ರೂಪಾಯಿ. ಆದರೆ ರಿನ್ಯೂವಲ್‌ಗೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು.

ಎರಡೂ ಬೇಕು ಅನ್ನುವ ಆಸೆ ಮಾತ್ರ ನಡೆಯುವುದಿಲ್ಲ. ಬೇರೆ ಸ್ಕಾಲರ್‌ಶಿಪ್ ತಗೊಳ್ಳುತ್ತಿದ್ದರೆ ಇದು ಇಲ್ಲ. ಎಸ್‌ಎಸ್‌ಪಿ ಬಿಟ್ಟೆವು.

ಜಾಸ್ತಿ ಓಡಾಡಿಸಿದ್ದು ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಕೊನೆಗೊಂದು ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು! ಆಧಾರನ್ನೇ ಮಾರ್ಕ್ಸ್ ಕಾರ್ಡ್ ಪ್ರಕಾರ ತಿದ್ದಿಸಿದೆವು, ನಾಡಕಚೇರಿಯ ಆದಾಯ ಪತ್ರವನ್ನೂ ಅದೇ ಹೆಸರಲ್ಲಿ ಮಾಡಿಸಿದೆವು. ದುಡ್ಡು ನೇರ ಖಾತೆಗೆ ಬರುವುದರಿಂದ ಬ್ಯಾಂಕಲ್ಲಿ ಆಧಾರ್ ಲಿಂಕ್ ಆಗಿದೆಯಾ ಅಂತ ಮೊದಲೇ ವಿಚಾರಿಸಿ. ಕಾಲೇಜಿನವರು ವೆರಿಫೈ ಮಾಡಿದ್ದಾರೆ, ಇನ್ನು ರಾಜ್ಯ ಮಟ್ಟದ್ದು ಬಾಕಿ.