ಫ್ರೋಜನ್ ಚಿಕನ್‌ನಲ್ಲಿ ಕೆಮಿಕಲ್ ಇದೆಯಾ, ಎಲ್ಲಿ ಟೆಸ್ಟ್ ಮಾಡಿಸೋದು? (ಕೋಲಾರ)

ಕಬಾಬ್ ಗಾಡಿಯವ, ಕೋಲಾರ
ಟೇಕಲ್ ರಸ್ತೆ ಕಡೆ ನಂದೊಂದು ಕಬಾಬ್ ಗಾಡಿ. ಭಾನುವಾರ ಫ್ರೆಶ್ ಕೋಳಿ ಸಾಲಲ್ಲ ಅಂತ ಫ್ರೋಜನ್ ಲೆಗ್ ಪೀಸ್ ತರ್ತೀನಿ. ಕರಿದಾಗ ಮೂಳೆ ಪಕ್ಕದ ಮಾಂಸ ಕಪ್ಪಗಾಗುತ್ತೆ. ಒಬ್ಬ ಗಿರಾಕಿ ಪ್ಲೇಟ್ ಹಿಡ್ಕೊಂಡು "ಇದು ಫಾರ್ಮಲಿನ್, ಮೀನಿಗೆ ಹಾಕ್ತಾರಲ್ಲ ಅದೇ" ಅಂತ ಎಲ್ಲರ ಮುಂದೆ ಕೂಗಾಡಿದ. ಏನೂ ಹಾಕದೆ ತಿಂಗಳುಗಟ್ಟಲೆ ಹೆಂಗೆ ಇರುತ್ತೆ ಅನ್ನೋ ಅನುಮಾನ ನನಗೂ ಇದೆ. ಫ್ರೀಜರ್‌ನಲ್ಲಿ ಅರ್ಧ ಪ್ಯಾಕೆಟ್ ಉಳಿದಿದೆ, ಯಾವ ಲ್ಯಾಬಿಗೆ ಕೊಡಲಿ?

ಫಾರಂ ಹುಡುಗ, ಮಾಲೂರು
ಅಣ್ಣ, ಫಾರ್ಮಲಿನ್ ನಮ್ಮಲ್ಲಿ ಇರೋದು ನಿಜ. ಬ್ಯಾಚ್ ಹೋದ ಮೇಲೆ ಕ್ರಿಮಿ ಸಾಯಲಿ ಅಂತ ಖಾಲಿ ಶೆಡ್‌ಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಜೊತೆ ಸೇರಿಸಿ ಹೊಗೆ ಹಾಕ್ತೀವಿ. ಕಣ್ಣು ಉರಿದುಹೋಗುತ್ತೆ. ಅದನ್ನ ನೋಡಿದವರೇ ಊರೆಲ್ಲಾ ಹಬ್ಬಿಸೋದು. ಮಾಂಸಕ್ಕೆ ಯಾವನೂ ಹಾಕಲ್ಲ ಬಿಡಿ.

ಲ್ಯಾಬ್ ಕೆಮಿಸ್ಟ್, ಬಂಗಾರಪೇಟೆ
"ಯಾವನೂ ಹಾಕಲ್ಲ" ಅನ್ನೋಕೆ ನನಗೆ ಬಾಯಿ ಬರಲ್ಲಪ್ಪ, ಟೆಸ್ಟ್ ಮಾಡದೆ ಎರಡೂ ಕಡೆ ಮಾತಾಡಬಾರದು. ಆದ್ರೆ ಕಪ್ಪು ಮೂಳೆ ಅದಕ್ಕೆ ಗುರುತಲ್ಲ. ಬ್ರಾಯ್ಲರ್ ಎಳೇ ಕೋಳಿ, ಮೂಳೆ ಇನ್ನೂ ಬಲಿತಿರಲ್ಲ. ಫ್ರೀಜ್ ಆಗಿ ಕರಗಿದಾಗ ಮಜ್ಜೆಯಲ್ಲಿರೋ ರಕ್ತದ ಬಣ್ಣ ಹೊರಗೆ ಜಿನುಗಿ, ಬೆಂದಾಗ ಕಪ್ಪಾಗುತ್ತೆ. ಇನ್ನು ತಿಂಗಳುಗಟ್ಟಲೆ ಇರೋ ವಿಷಯ: ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲ್ಲ. ಅಂಗಡಿಯವನು ರಾತ್ರಿ ಕರೆಂಟ್ ಬಿಲ್ ಉಳಿಸೋಕೆ ಫ್ರೀಜರ್ ಆಫ್ ಮಾಡ್ತಾನಾ? ನನಗೆ ಆ ಭಯವೇ ಜಾಸ್ತಿ.

ಲ್ಯಾಬಿಗೆ ಹೋಗಿ "ಕೆಮಿಕಲ್ ಇದೆಯಾ ನೋಡಿ" ಅನ್ನಬೇಡಿ, ಎಲ್ಲಾನೂ ಹಿಡಿಯೋ ಟೆಸ್ಟ್ ಇಲ್ಲವೇ ಇಲ್ಲ. ಹೆಸರು ಹೇಳಿ ಕೇಳಬೇಕು. ಬೆಂಜೋಯೇಟ್, ಸಾರ್ಬೇಟ್ ಅಂದ್ರೆ ಆಹಾರ ಕೆಡದಂತೆ ಹಾಕೋ ಪ್ರಿಸರ್ವೇಟಿವ್‌ಗಳು, ಎರಡನ್ನೂ ಎಚ್‌ಪಿಎಲ್‌ಸಿ ಅನ್ನೋ, ಬೆರೆತಿರೋದನ್ನ ಬೇರ್ಪಡಿಸಿ ಅಳೆಯೋ ಮಷಿನ್‌ನಲ್ಲಿ ಒಟ್ಟಿಗೆ ನೋಡಬಹುದು. ಫಾರ್ಮಲಿನ್‌ನಲ್ಲಿರೋ ಫಾರ್ಮಾಲ್ಡಿಹೈಡ್‌ಗೆ ಬೇರೆ ಟೆಸ್ಟ್. ನೈಟ್ರೈಟ್ ಅನ್ನೋ ಇನ್ನೊಂದು ಪ್ರಿಸರ್ವೇಟಿವ್‌ಗೆ ಗ್ರೀಸ್ (Griess) ರಿಯೇಜೆಂಟ್ ಅನ್ನೋ ಪರೀಕ್ಷಾ ದ್ರಾವಣ ಹಾಕಿದ್ರೆ ಗುಲಾಬಿ ಬಣ್ಣ ಬರುತ್ತೆ. ಅದರ ಗಾಢತೆಯನ್ನ 540 ನ್ಯಾನೋಮೀಟರ್ ಅಲೆಯುದ್ದದ ಬೆಳಕಿನಲ್ಲಿ ಅಳೆದು ಲೆಕ್ಕ ಹಾಕ್ತೀವಿ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ಸಂಸ್ಥೆ) ಬೋರ್ಡ್ ನೋಡಿ ಒಳಗೆ ನುಗ್ಗಬೇಡಿ, ಅವರ ಸ್ಕೋಪ್‌ನಲ್ಲಿ, ಅಂದ್ರೆ ಮಾನ್ಯತೆ ಇರೋ ಟೆಸ್ಟ್‌ಗಳ ಪಟ್ಟಿಯಲ್ಲಿ, ಕೋಳಿಮಾಂಸವೂ ನಿಮಗೆ ಬೇಕಾದ ಟೆಸ್ಟೂ ಇದೆಯಾ ಕೇಳಿ. ಮೀನಲ್ಲಿ ಫಾರ್ಮಲಿನ್ ನೋಡೋ ಟೆಸ್ಟ್ ಸ್ಟ್ರಿಪ್ ತಂದು ಚಿಕನ್‌ಗೆ ಅಂಟಿಸಿ ವಿಡಿಯೋ ಮಾಡೋರ ಮಾತಂತೂ ಬೇಡ.

ಆ ಅರ್ಧ ಪ್ಯಾಕೆಟ್ ನಿಮ್ಮ ಸಮಾಧಾನಕ್ಕೆ ಆಗಬಹುದು, ಜಗಳಕ್ಕೆ ಆಗಲ್ಲ. "ನೀನೇ ಏನೋ ಬೆರೆಸಿದೀಯ" ಅಂತಾರೆ. 2006ರ ಆಹಾರ ಸುರಕ್ಷತೆ ಕಾಯ್ದೆ, ಸೆಕ್ಷನ್ 40ರ ಪ್ರಕಾರ ಕೊಂಡವರೇ ಫೀಸು ಕಟ್ಟಿ ಫುಡ್ ಅನಲಿಸ್ಟ್ (ಆಹಾರ ಪರೀಕ್ಷಕ) ಹತ್ರ ಪರೀಕ್ಷೆ ಮಾಡಿಸಬಹುದು. ಆದ್ರೆ ಟೆಸ್ಟ್‌ಗೆ ಕೊಡ್ತೀನಿ ಅಂತ ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಬೇಕು. ಮಾಲಲ್ಲಿ ತಪ್ಪು ಸಿಕ್ರೆ ಫೀಸು ವಾಪಸ್. ಮೊದಲು ಜಿಲ್ಲೆಯ ಆಹಾರ ಸುರಕ್ಷತೆ ನೋಡ್ಕೊಳ್ಳೋ ಅಂಕಿತಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಕಬಾಬ್ ಗಾಡಿಯವ
ಥ್ಯಾಂಕ್ಸ್ ಸಾರ್. ಲೆಗ್ ಪೀಸ್ ಪ್ಯಾಕೆಟ್ ಮೇಲೆ ಚಿಕನ್ ಬಿಟ್ಟು ಏನೂ ಬರೆದಿಲ್ಲ. ಸಾಸೇಜೂ ತರ್ತೀನಿ, ಅದರ ಮೇಲೆ 250, 316, 451 ಅಂತಿದೆ. ಇದೇನಾ ಆ ಕೆಮಿಕಲ್?

ಲ್ಯಾಬ್ ಕೆಮಿಸ್ಟ್, ಬಂಗಾರಪೇಟೆ
250 ಅಂದ್ರೆ ಸೋಡಿಯಂ ನೈಟ್ರೈಟ್. ಸಾಸೇಜ್‌ಗೆ ಮಿತಿಯೊಳಗೆ ಹಾಕಬಹುದು, ಬೆಂದರೂ ಗುಲಾಬಿಯಾಗಿರೋದು ಅದರಿಂದ. 451 ನೀರು ಹಿಡಿಸೋ ಫಾಸ್ಫೇಟ್. 316 ಎರಿಥಾರ್ಬೇಟ್, ಬಣ್ಣ ಕೆಡದೆ ಇರೋಕೆ. ಹಾಗಾಗಿ ಸಾಸೇಜ್‌ನಲ್ಲಿ ನೈಟ್ರೈಟ್ ಎಷ್ಟಿದೆ ಅಂತ ಕೇಳಿ, ಲೆಗ್ ಪೀಸ್‌ನಲ್ಲಿ ಬೆಂಜೋಯೇಟ್, ಸಾರ್ಬೇಟ್, ಫಾರ್ಮಾಲ್ಡಿಹೈಡ್, ನೈಟ್ರೈಟ್ ಈ ನಾಲ್ಕರಲ್ಲಿ ಯಾವುದಾದ್ರೂ ಇದೆಯಾ ಅಂತ ಕೇಳಿ. ಟೆಸ್ಟ್‌ಗೆ ಕೊಳ್ಳೋ ಹೊಸ ಪ್ಯಾಕೆಟ್ ಒಡೀಬೇಡಿ, ಬಿಲ್ ಇಟ್ಕೊಳ್ಳಿ, ಐಸ್ ಬಾಕ್ಸ್‌ನಲ್ಲೇ ಒಯ್ಯಿರಿ. ಶನಿವಾರ ಮಧ್ಯಾಹ್ನ ಮಾತ್ರ ಹೋಗಬೇಡಿ, ಸೋಮವಾರದ ತನಕ ಸ್ಯಾಂಪಲ್ ಯಾರ ಟೇಬಲ್ ಮೇಲೆ ಕರಗ್ತಿರುತ್ತೋ ಹೇಳೋಕಾಗಲ್ಲ.