ಸಹಾಯ ಬೇಕು: ಬಿ.ಎಸ್ಸಿ. ರಸಾಯನಶಾಸ್ತ್ರದ ನಂತರ ಓದೋ, ಕೆಲಸವೋ?

ನಮಸ್ಕಾರ. ನಮ್ಮದು ಬೀದರ್. ತಂಗಿ ಬಿ.ಎಸ್ಸಿ. ಮುಗಿಸುತ್ತಿದ್ದಾಳೆ, ರಸಾಯನಶಾಸ್ತ್ರವೆಂದರೆ ಅವಳಿಗೆ ಪ್ರಾಣ. ಲೋಹದ ಪಾತ್ರೆಗೆ ಬೆಳ್ಳಿ ಕೂರಿಸುವ ನಮ್ಮೂರ ಬಿದರಿ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜುತ್ತಾರೆ. ಸತು, ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಹಾಗೇ ಹೊಳೆಯುತ್ತದೆ. ಅದನ್ನು ನೋಡಿದಾಗಿನಿಂದ ಲೋಹಗಳ ಬಗ್ಗೆಯೇ ಮುಂದೆ ಓದಬೇಕೆಂದು ಹಟ ಹಿಡಿದಿದ್ದಾಳೆ.

ಕಲಬುರಗಿಗೆ ಎಂ.ಎಸ್ಸಿ.ಗೆ ಕಳುಹಿಸುವುದೋ, ಐಐಟಿಗಳ ಎಂ.ಎಸ್ಸಿ. ಪ್ರವೇಶಕ್ಕಿರುವ ಜಾಮ್ ಪರೀಕ್ಷೆ ಬರೆಸಿ ಅಲ್ಲಿಗೆ ಪ್ರಯತ್ನಿಸುವುದೋ? ಅಪ್ಪ ಮಾತ್ರ ಇಲ್ಲೇ ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಲಿ ಎನ್ನುತ್ತಾರೆ. ನನಗಂತೂ ಅವಳು ಓದಬೇಕೆಂಬ ಆಸೆ.

ಔಷಧ ಕಾರ್ಖಾನೆಗಳ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿರುವ ಅಕ್ಕ, ಅಣ್ಣಂದಿರು ದಯವಿಟ್ಟು ತಿಳಿಸಿ: ಬಿ.ಎಸ್ಸಿ.ಯವರಿಗೆ ಎಚ್‌ಪಿಎಲ್‌ಸಿ (ಔಷಧದ ಘಟಕಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರ ಮುಟ್ಟಲು ಕೊಡುತ್ತಾರೆಯೇ? ಹೆಣ್ಣುಮಕ್ಕಳಿಗೆ ರಾತ್ರಿ ಪಾಳಿ ಇರುತ್ತದೆಯೇ? ಜಾಮ್‌ನ ಹಳೆಯ ಪುಸ್ತಕಗಳಿದ್ದವರು ಹೇಳಿದರೆ ನಾನೇ ಬಂದು ತೆಗೆದುಕೊಳ್ಳುತ್ತೇನೆ.