ತರಂಗಾಂತರ ಎಂದರೆ ಉದ್ದವೋ, ಎಣಿಕೆಯೋ?

ಎಲ್ಲರಿಗೂ ನಮಸ್ಕಾರ.

ಹ್ಯಾಮ್ ರೇಡಿಯೋ (ಲೈಸೆನ್ಸ್ ಪಡೆದ ಹವ್ಯಾಸಿಗಳು ತಾವೇ ಸಂದೇಶ ಕಳಿಸಿ ಕೇಳುವ ರೇಡಿಯೋ) ಕಲಿಯುತ್ತಿರುವ ಕಾಲೇಜು ಹುಡುಗ ಹುಡುಗಿಯರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಎರಡು ಮೂರು ಬ್ಯಾಂಡ್‌ಗಳಿಗೆ, ಅಂದರೆ ಬಳಕೆಗೆಂದು ಗೊತ್ತುಮಾಡಿದ ಮೆಗಾಹರ್ಟ್ಸ್ ವ್ಯಾಪ್ತಿಗಳಿಗೆ, ಒಗ್ಗುವ ಆಂಟೆನಾವನ್ನು ಮನೆಯಲ್ಲೇ ತಂತಿಯಿಂದ ಕಟ್ಟುವುದು ಹೇಗೆ ಎಂಬುದು ವಿಷಯ. ಲೆಕ್ಕವೇನೂ ಕಷ್ಟದ್ದಲ್ಲ. ತೊಡಕಿರುವುದು 'ತರಂಗಾಂತರ' ಎಂಬ ಪದದಲ್ಲಿ.

ಪದವನ್ನು ಬಿಡಿಸಿ ನೋಡಿದರೆ ಅರ್ಥ ನೇರವಾಗಿದೆ. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಗೆ ಇರುವ ಅಂತರ. ಮೀಟರಿನಲ್ಲಿ ಅಳೆಯುವಂಥದ್ದು. ಆದರೆ ರೇಡಿಯೋ ವಿಷಯ ಬಂದಾಗ '102.9 ಮೆಗಾಹರ್ಟ್ಸ್ ತರಂಗಾಂತರದಲ್ಲಿ' ಎಂದು ಸಲೀಸಾಗಿ ಹೇಳುತ್ತೇವೆ. ಅದು ಉದ್ದವಲ್ಲ, ಸೆಕೆಂಡಿಗೆ ಎಷ್ಟು ಅಲೆ ಎಂಬ ಎಣಿಕೆ. ಪತ್ರಿಕೆಗಳಲ್ಲಿ ಮೂರನೆಯ ಅರ್ಥವೂ ಇದೆ. '2ಜಿ ತರಂಗಾಂತರ ಹಂಚಿಕೆ ಹಗರಣ' ನೆನಪಿದೆ ಅಲ್ವಾ? 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ಲೈಸೆನ್ಸ್‌ಗಳನ್ನು ರದ್ದು ಮಾಡಿದ ಪ್ರಕರಣ. ಅಲ್ಲಿ ತರಂಗಾಂತರ ಎಂದರೆ ಸ್ಪೆಕ್ಟ್ರಂ, ಸರ್ಕಾರ ಕಂಪನಿಗಳಿಗೆ ಹಂಚಿಕೊಡುವ ಸೊತ್ತು.

ಸುದ್ದಿ ಓದುವವರಿಗೆ ಇದರಿಂದ ನಷ್ಟವೇನಿಲ್ಲ. ತಂತಿ ಕತ್ತರಿಸುವವರಿಗೆ ಇದೆ. 'ತರಂಗಾಂತರ ಹೆಚ್ಚಿದಷ್ಟೂ ಆಂಟೆನಾ ಉದ್ದವಾಗಬೇಕು' ಎಂಬ ವಾಕ್ಯ ಮೊದಲ ಅರ್ಥದಲ್ಲಿ ಸರಿ, ಎರಡನೆಯದರಲ್ಲಿ ಪೂರ್ತಿ ತಲೆಕೆಳಗು. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ, ಅಂದರೆ 0.612 ಮೆಗಾಹರ್ಟ್ಸ್‌ಗೆ, ಇದು 490 ಮೀಟರ್. ಎಫ್‌ಎಂನ 102.9ಕ್ಕೆ ಮೂರು ಮೀಟರಿಗೂ ಸ್ವಲ್ಪ ಕಡಿಮೆ, ಅದರ ಕಾಲು ಭಾಗ 73 ಸೆಂಟಿಮೀಟರ್. ಒಳ್ಳೆಯ ಟ್ರಾನ್ಸಿಸ್ಟರಿನ ಕಡ್ಡಿಯನ್ನು ಪೂರ್ತಿ ಎಳೆದರೆ ಅದರ ಆಸುಪಾಸಿಗೆ ಬರುತ್ತದೆ. ಮೀಡಿಯಂ ವೇವ್‌ಗೆ ಹಾಗೆ ಕಾಲು ಭಾಗ ಬೇಕೆಂದರೆ 122 ಮೀಟರಿನ ಕಡ್ಡಿ ಹಿಡಿದು ಓಡಾಡಬೇಕಾಗುತ್ತದೆ! ಅದಕ್ಕೇ ಪೆಟ್ಟಿಗೆಯೊಳಗೆ ತಂತಿ ಸುತ್ತಿದ ಕಪ್ಪು ಫೆರೈಟ್ ಸರಳು ಇಟ್ಟಿರುತ್ತಾರೆ.

ಅರ್ಥ ಜಾರಿದ್ದು ಹೇಗೆ? ನನ್ನದು ಬರೀ ಊಹೆ. ಹಿಂದೆ ರೇಡಿಯೋದಲ್ಲಿ 'ಇಷ್ಟು ಮೀಟರ್, ಅಂದರೆ ಇಷ್ಟು ಕಿಲೋಹರ್ಟ್ಸ್' ಎಂದು ಎರಡನ್ನೂ ಜೊತೆಗೇ ಹೇಳುತ್ತಿದ್ದರು. ಮೀಟರ್ ಬಿಟ್ಟುಹೋಯಿತು, ಅದಕ್ಕೆ ಅಂಟಿಕೊಂಡಿದ್ದ ಪದ ಉಳಿಯಿತು. ಹಳೆಯ ಉದ್ಘೋಷಣೆಗಳ ಬರಹ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ನೋಡಿ ಹೇಳಿ.

ಸದ್ಯಕ್ಕೆ ಉದ್ದಕ್ಕೆ 'ಅಲೆಯುದ್ದ' ಎಂದೇ ಬರೆಯುತ್ತಿದ್ದೇನೆ. ತಮಿಳಿನ 'ಅಲೈನೀಳಂ' ಕೂಡ ಇದೇ ಜಾಡಿನದು. ಪಠ್ಯಪುಸ್ತಕದ 'ತರಂಗದೂರ'ವೂ ಒಳ್ಳೆಯದೇ, ಆದರೆ ಅಲೆ ಎಷ್ಟು ದೂರ ಹೋಗುತ್ತದೆ ಎಂಬ ಅರ್ಥಕ್ಕೂ ಎಳೆಯುತ್ತದೆ. ಎಣಿಕೆಗೆ 'ಆವೃತ್ತಿ' ಎಂದರೆ 'ಎರಡನೇ ಆವೃತ್ತಿ' ಮೊದಲು ನೆನಪಾಗುತ್ತದೆ. ತೆಲುಗಿನವರ 'ಪೌನಃಪುನ್ಯ' ನಮಗೆ ಬೇಡವೇ ಬೇಡ. 'ಕಂಪನಾಂಕ'ಕ್ಕೆ ನನ್ನ ಓಟು. ಅದರಲ್ಲಿ ಅಂಕವಿದೆ, ಉದ್ದ ಎಂದು ಯಾರೂ ತಿಳಿಯುವುದಿಲ್ಲ.

ಕೈಪಿಡಿಯ ಒಂದು ಪ್ಯಾರಾ ಹೀಗಿದೆ:

'7.1 ಮೆಗಾಹರ್ಟ್ಸ್ ಕಂಪನಾಂಕಕ್ಕೆ ಅಲೆಯುದ್ದ ಸುಮಾರು 42 ಮೀಟರ್. ರೇಡಿಯೋದಿಂದ ಬರುವ ಕೇಬಲ್ಲನ್ನು ನಡುಮಧ್ಯೆ ಜೋಡಿಸುವ ಎರಡು ತುಂಡು ತಂತಿಯ ಆಂಟೆನಾವೇ ಡೈಪೋಲ್. ಅರ್ಧ ಅಲೆಯ ಡೈಪೋಲ್‌ಗೆ 21 ಮೀಟರ್ ಆಗಬೇಕು, ಆದರೆ ನಿಜವಾದ ತಂತಿಯಲ್ಲಿ ಶೇಕಡ 5ರಷ್ಟು ಕಡಿಮೆ ಸಾಕು. ಕೇಬಲ್ಲಿನ ಎರಡು ಕಡೆಗೂ ಹತ್ತತ್ತು ಮೀಟರ್ ಬರಲಿ. ಮೊದಲು ಸ್ವಲ್ಪ ಜಾಸ್ತಿ ಬಿಟ್ಟು, ಆಮೇಲೆ ತುದಿಗಳನ್ನು ಕತ್ತರಿಸುತ್ತಾ ಶ್ರುತಿ ಮಾಡಿ. ಇದೇ ತಂತಿ ಮೂರು ಪಟ್ಟು ಕಂಪನಾಂಕದಲ್ಲಿ, ಅಂದರೆ 21 ಮೆಗಾಹರ್ಟ್ಸ್ ಬ್ಯಾಂಡಿನಲ್ಲೂ ಕೆಲಸ ಮಾಡುತ್ತದೆ. ಎರಡು ಪಟ್ಟಿನ 14ರಲ್ಲಿ ಮಾಡುವುದಿಲ್ಲ. ಅಲ್ಲಿ ತಂತಿಯ ನಡುಮಧ್ಯೆ ವೋಲ್ಟೇಜ್ ಜಾಸ್ತಿ, ಕರೆಂಟ್ ತೀರಾ ಕಡಿಮೆ. 50 ಓಮಿನ ಕೇಬಲ್‌ಗೆ ಹೊಂದುವುದಿಲ್ಲ. ಆ ಬ್ಯಾಂಡ್ ಬೇಕಾದರೆ ಅದೇ ಕೇಬಲ್ ತುದಿಗೆ ಐದೈದು ಮೀಟರಿನ ಇನ್ನೊಂದು ಜೋಡಿ ತಂತಿ ಸೇರಿಸಿ.'

ಇದರಲ್ಲಿ ಅಲೆಯುದ್ದ, ಕಂಪನಾಂಕ ಎರಡನ್ನೂ ತೆಗೆದು ತರಂಗಾಂತರ ಹಾಕಿ ಓದಿ ನೋಡಿ. 'ಮೂರು ಪಟ್ಟು ತರಂಗಾಂತರ' ಎಂದು ಓದಿದವರು 60 ಮೀಟರ್ ತಂತಿ ತಂದರೂ ತಂದರೇ!

ಟ್ಯೂನ್ ಮಾಡುವುದಕ್ಕೆ 'ಶ್ರುತಿ' ಹೇಗಿದೆ? ಅನುರಣನ, ಅನುನಾದ ಎರಡೂ ಪುಸ್ತಕದಲ್ಲಿವೆ. ಆದರೆ 'ಆಂಟೆನಾ 7.1ಕ್ಕೆ ಶ್ರುತಿಯಾಗಿದೆ' ಎಂದರೆ ವಿವರಣೆಯೇ ಬೇಡ. ಸಂಗೀತ ಬಲ್ಲವರಿಗೆ ಆಕ್ಷೇಪವಿದ್ದರೆ ತಿಳಿಸಿ.

ಬ್ಯಾಂಡ್‌ಗೆ 'ಪಟ್ಟಿ' ಎಂದು ಕೆಲವರು ಬರೆಯುತ್ತಾರೆ. ನನಗೆ ಒಗ್ಗುತ್ತಿಲ್ಲ. ಪಟ್ಟಿ ಎಂದರೆ ಸಾಮಾನಿನ ಪಟ್ಟಿ, ಗಾಯದ ಪಟ್ಟಿ. ಇಲ್ಲಿ 'ಎರಡು ಪಟ್ಟು ಕಂಪನಾಂಕದ ಪಟ್ಟಿ' ಎಂದರೆ ನಾಲಿಗೆ ಹೊರಳಿಸುವ ಆಟವಾಗುತ್ತದೆ. 'ಮೂರು ಬ್ಯಾಂಡಿನ ರೇಡಿಯೋ' ಎಂದು ನಮ್ಮ ಅಜ್ಜಂದಿರೇ ಹೇಳುತ್ತಿದ್ದರು, ಆ ಪದ ಕನ್ನಡದ್ದೇ ಆಗಿಹೋಗಿದೆ. ಹಾಗಾಗಿ 'ಬಹುಪಟ್ಟಿ ಆಂಟೆನಾ' ಬಿಟ್ಟು 'ಹಲವು ಬ್ಯಾಂಡಿನ ಆಂಟೆನಾ' ಎಂದಿದ್ದೇನೆ. 'ಬಹುತರಂಗಾಂತರ ಆಂಟೆನಾ' ಎಂದು ಸೂಚಿಸಿದ ಗೆಳೆಯರೊಬ್ಬರಿಗೆ ಕೈಮುಗಿದೆ. ಅದರಲ್ಲಿ ಒಂದು ಮುಖ್ಯ ವ್ಯತ್ಯಾಸವೇ ಮುಚ್ಚಿಹೋಗುತ್ತದೆ. ಹಲವು ಬ್ಯಾಂಡಿನ ಆಂಟೆನಾ 7, 14, 21 ಮೆಗಾಹರ್ಟ್ಸ್‌ಗಳಲ್ಲಿ ಚೆನ್ನಾಗಿರುತ್ತದೆ, ನಡುವಿನ 10ರಲ್ಲಿ ಕೆಲಸಕ್ಕೆ ಬಾರದು. ಎಲ್ಲವನ್ನೂ ಒಂದೇ ಸಮನೆ ಹಿಡಿಯುವ ಆಂಟೆನಾ ಬೇರೆ ಜಾತಿಯದು. ಅದಕ್ಕೆ 'ಅಗಲ ಬ್ಯಾಂಡಿನ' ಎನ್ನಬಹುದೇ? ಬ್ರಾಡ್‌ಬ್ಯಾಂಡ್ ಎಂದರೆ ಈಗ ಮನೆಯ ಇಂಟರ್ನೆಟ್ ಕನೆಕ್ಷನ್ ಎಂದಾಗಿಬಿಟ್ಟಿದೆ.

ಬ್ಯಾಂಡ್‌ಗಳ ಹೆಸರಿನದೂ ಒಂದು ಗೋಜಲು. ಹ್ಯಾಮ್‌ಗಳು '40 ಮೀಟರ್', '2 ಮೀಟರ್' ಎಂದು ಉದ್ದದಿಂದ ಕರೆಯುತ್ತಾರೆ. ಮೊಬೈಲಿನವರು '900', '1800' ಎಂದು ಕಂಪನಾಂಕದಿಂದ. 'ಮೇಲಿನ ಬ್ಯಾಂಡ್' ಎಂದು ಬರೆದರೆ ಯಾವುದರ ಲೆಕ್ಕದಲ್ಲಿ ಮೇಲು ಎಂದು ಪ್ರತಿ ಸಲ ಹೇಳಬೇಕಾಗುತ್ತಿದೆ.

ಕೊನೆಗೆ, ನನಗೆ ಏನೂ ಹೊಳೆಯದ ಒಂದು ಪದ: ಟ್ರ್ಯಾಪ್. ತಂತಿಯ ನಡುವೆ ಸೇರಿಸುವ ಸುರುಳಿ ಮತ್ತು ಕೆಪಾಸಿಟರಿನ ಜೋಡಿ ಇದು. 14ಕ್ಕೆ ಶ್ರುತಿ ಮಾಡಿಟ್ಟರೆ ಆ ಕಂಪನಾಂಕದ ಕರೆಂಟನ್ನು ಅಲ್ಲೇ ನಿಲ್ಲಿಸುತ್ತದೆ, ಆಚೆಗಿನ ತಂತಿ ಇಲ್ಲವೇನೋ ಎಂಬಂತೆ. 7ರಲ್ಲಿ ಬರೀ ಸುರುಳಿಯ ಹಾಗೆ ವರ್ತಿಸಿ ಕರೆಂಟನ್ನು ಮುಂದೆ ಬಿಡುತ್ತದೆ, ಒಟ್ಟು ತಂತಿಯೂ 20 ಮೀಟರಿಗಿಂತ ಕಡಿಮೆ ಸಾಕಾಗುತ್ತದೆ. 'ಬೋನು' ಎಂದರೆ ಇಲಿ ಬರುತ್ತದೆ. 'ತಡೆಸುರುಳಿ' ಎನ್ನೋಣವೆಂದರೆ ಬೇಡದ ರೇಡಿಯೋ ಕರೆಂಟನ್ನು ತಡೆಯುವ ಸುರುಳಿಯಾದ ಚೋಕ್‌ಗೂ ಅದೇ ಹೆಸರು ಸಲ್ಲುತ್ತದೆ, ಕೈಪಿಡಿಯ ಮುಂದಿನ ಪುಟದಲ್ಲೇ ಚೋಕ್ ಇದೆ. ರೇಡಿಯೋ ರಿಪೇರಿಯವರು ಬಳಸುವ ಪದ ಬೇರೆ ಏನಾದರೂ ಇದ್ದರೆ ಅದೇ ಸಾಕು, ನಿಘಂಟಿನಲ್ಲಿ ಇಲ್ಲದಿದ್ದರೂ ಪರವಾಗಿಲ್ಲ.